ಉಪವಾಸಕಾಲದಲ್ಲಿ ಜೀವಕೋಶದ ಇಂಧನ: ಮೈಟೊಕಾಂಡ್ರಿಯ ಮತ್ತು ಪೆರಾಕ್ಸಿಸೋಮ್

ಬಾದಾಮಿಯ ನಾಲ್ಕನೆಯ ಗುಹೆಯಲ್ಲಿ ಮೈಗೆ ಬಳ್ಳಿ ಹಬ್ಬಿ ನಿಂತ ಬಾಹುಬಲಿಸ್ವಾಮಿಯ ಮೂರ್ತಿಯನ್ನು ಕಂಡವರಲ್ಲಿ, ಅನ್ನವಿಲ್ಲದೆ ದೇಹ ನಿಲ್ಲುವುದೆಂತು ಎಂಬ ಪ್ರಶ್ನೆ ಏಳುವುದು ಸಹಜ. ಪುರಾಣೋಕ್ತವಾದ ಸಂವತ್ಸರದ ಪ್ರತಿಮಾಯೋಗವು ಶರೀರಶಾಸ್ತ್ರದ ಅಳತೆಗೆ ಬರುವ ವಿಷಯವಲ್ಲ. ಆದರೆ ಅಷ್ಟಮಿ ಚತುರ್ದಶಿಗಳಂದು ಶ್ರಾವಕ ಶ್ರಾವಿಕೆಯರು ಕೈಕೊಳ್ಳುವ ಪ್ರೋಷಧೋಪವಾಸದ ಮಟ್ಟಿಗೆ ಈ ಪ್ರಶ್ನೆಗೆ ಉತ್ತರವುಂಟು. ಹಿಂದಿನ ದಿನ ಒಂದೇ ಊಟ, ಪರ್ವದಿನ ಚತುರ್ವಿಧಾಹಾರ ತ್ಯಾಗ, ಮರುದಿನ ಮತ್ತೆ ಒಂದೇ ಊಟ. ಹೀಗೆ ಹದಿನಾರು ಪ್ರಹರ, ಅಂದರೆ 48 ಗಂಟೆಗಳ ಕಾಲ ದೇಹವು ತನ್ನ ಸಂಗ್ರಹದಿಂದಲೇ ಬಾಳಬೇಕು. ಆ ಬಾಳುವೆ ನಡೆಯುವುದು ಜೀವಕೋಶದೊಳಗಿನ ಎರಡು ಬಗೆಯ ಸೂಕ್ಷ್ಮ ಕಣಗಳಲ್ಲಿ.

ಮೊದಲನೆಯದು ಮೈಟೊಕಾಂಡ್ರಿಯ. ಈ ಹೆಸರನ್ನು 1898ರಲ್ಲಿ ಜರ್ಮನಿಯ ಕಾರ್ಲ್ ಬೆಂಡಾ ಇಟ್ಟನು. ಇದರ ಅಗಲ ಮಿಲಿಮೀಟರಿನ ಸಾವಿರದಲ್ಲೊಂದು ಭಾಗಕ್ಕಿಂತ ಹೆಚ್ಚಿಲ್ಲ. ಆದರೂ ಯಕೃತ್ತಿನ ಒಂದು ಕೋಶದಲ್ಲಿ ಇವು ಸಾವಿರಕ್ಕೂ ಮೇಲ್ಪಟ್ಟು ಇರುತ್ತವೆ. ಹೊರಪೊರೆ ನುಣುಪಾದುದು. ಒಳಪೊರೆ ಮಾತ್ರ ಇಳಕಲ್ ಸೀರೆಯನ್ನು ಮಡಿಚಿ ಪೆಟ್ಟಿಗೆಯಲ್ಲಿರಿಸಿದಂತೆ ಮಡಿಕೆ ಮಡಿಕೆಯಾಗಿದೆ. ಚಿಕ್ಕ ಜಾಗದಲ್ಲಿ ಹೆಚ್ಚು ವಿಸ್ತಾರ ದೊರೆಯಲೆಂದೇ ಈ ಏರ್ಪಾಡು, ಏಕೆಂದರೆ ಶಕ್ತಿ ತಯಾರಾಗುವುದು ಆ ಪೊರೆಯ ಮೇಲೆಯೇ. ಆಹಾರದಿಂದ ಬಂದ ಎಲೆಕ್ಟ್ರಾನುಗಳು ಅಲ್ಲಿ ಹಂತಹಂತವಾಗಿ ಇಳಿದು ಆಮ್ಲಜನಕವನ್ನು ಸೇರುತ್ತವೆ. ಆಗ ಬಿಡುಗಡೆಯಾದ ಶಕ್ತಿಯಿಂದ ಪ್ರೋಟಾನುಗಳು ಪೊರೆಯ ಹೊರಬದಿಗೆ ತಳ್ಳಲ್ಪಡುತ್ತವೆ. ಅಣೆಕಟ್ಟಿನ ನೀರು ಇಳಿದು ಚಕ್ರ ತಿರುಗಿಸುವಂತೆ ಅವು ಮರಳಿ ಒಳಬರುವಾಗ ಎ.ಟಿ.ಪಿ. ಎಂಬ ಶಕ್ತಿವಾಹಕ ಅಣು ರೂಪುಗೊಳ್ಳುತ್ತದೆ. ಎ.ಟಿ.ಪಿ.ಯನ್ನು 1929ರಲ್ಲಿ ಜರ್ಮನಿಯ ಲೋಮನ್ ಕಂಡುಹಿಡಿದನು. ಅದೇ ಕಾಲದಲ್ಲಿ ಅಮೆರಿಕದಲ್ಲಿದ್ದ ಆಂಧ್ರದ ಯಲ್ಲಾಪ್ರಗಡ ಸುಬ್ಬರಾವ್ ಅವರೂ ಫಿಸ್ಕೆಯೊಡನೆ ಸ್ವತಂತ್ರವಾಗಿ ಕಂಡುಹಿಡಿದರೆಂಬುದನ್ನು ನಮ್ಮ ಪಾಠಪುಸ್ತಕಗಳು ಇನ್ನಷ್ಟು ಒತ್ತಿ ಹೇಳಬೇಕು.

ಎರಡನೆಯದು ಪೆರಾಕ್ಸಿಸೋಮ್. 1954ರಲ್ಲಿ ಸ್ವೀಡನ್ನಿನ ರೋಡಿನ್ ಇಲಿಯ ಮೂತ್ರಪಿಂಡದಲ್ಲಿ ಇದನ್ನು ಮೊದಲು ವರ್ಣಿಸಿದನು. ಇದರ ಕೆಲಸವನ್ನು ತಿಳಿದು ಹೆಸರಿಟ್ಟವನು ಬೆಲ್ಜಿಯಂನ ಕ್ರಿಶ್ಚಿಯನ್ ಡಿ ಡ್ಯೂವ್. 1974ರ ನೊಬೆಲ್ ಪಾರಿತೋಷಕದಲ್ಲಿ ಅವನಿಗೆ ಪಾಲು ದೊರೆಯಿತು. ಇದಕ್ಕೆ ಒಂದೇ ಪೊರೆ. ಮೈಟೊಕಾಂಡ್ರಿಯಕ್ಕಿರುವಂತೆ ಸ್ವಂತ ಡಿ.ಎನ್.ಎ. ಇಲ್ಲ. ಮೈಟೊಕಾಂಡ್ರಿಯ ನೇರವಾಗಿ ಸೀಳಲಾರದ ಅತಿ ಉದ್ದದ ಮೇದಾಮ್ಲಗಳನ್ನು ಇದು ಮೊದಲು ಮೊಟಕು ಮಾಡಿ ಕೊಡುತ್ತದೆ. ಈ ಕ್ರಿಯೆಯಲ್ಲಿ ಹೈಡ್ರೋಜನ್ ಪೆರಾಕ್ಸೈಡ್ ಎಂಬ ದಹಿಸುವ ದ್ರವ್ಯ ಹುಟ್ಟುತ್ತದೆ. ಅಲ್ಲೇ ಇರುವ ಕ್ಯಾಟಲೇಸ್ ಕಿಣ್ವ ಅದನ್ನು ನೀರು ಹಾಗೂ ಆಮ್ಲಜನಕವಾಗಿ ಒಡೆದುಬಿಡುತ್ತದೆ. ಗಾಯಕ್ಕೆ ಆ ಔಷಧ ಹಾಕಿದಾಗ ನೊರೆ ಏಳುವುದೂ ಇದೇ ಕಿಣ್ವದಿಂದ. ಪೆರಾಕ್ಸಿಸೋಮಿನ ಈ ಕಾರ್ಯ ಹುಟ್ಟಿನಿಂದಲೇ ಕೆಟ್ಟ ಮಕ್ಕಳಲ್ಲಿ ಉದ್ದದ ಮೇದಾಮ್ಲಗಳು ಕೂಡಿಕೊಂಡು ನರಮಂಡಲ ಹಾಳಾಗುತ್ತದೆ.

ಇನ್ನು ಉಪವಾಸದ ಗಡಿಯಾರ. ಯಕೃತ್ತಿನಲ್ಲಿರುವ ಗ್ಲೈಕೋಜನ್ ಸುಮಾರು 100 ಗ್ರಾಂ. ಮಿದುಳೊಂದಕ್ಕೇ ದಿನಕ್ಕೆ ಸುಮಾರು 120 ಗ್ರಾಂ ಗ್ಲೂಕೋಸ್ ಬೇಕು. ಆದುದರಿಂದ ಒಂದು ದಿನ ಕಳೆಯುವಷ್ಟರಲ್ಲಿ ಆ ಉಗ್ರಾಣ ಬಹುಮಟ್ಟಿಗೆ ಬರಿದಾಗುತ್ತದೆ. ಬಳಿಕ ಮುಖ್ಯ ಇಂಧನ ಮೇದಸ್ಸು. ಅದರಿಂದ ಬಂದ 16 ಇಂಗಾಲದ ಪಾಮಿಟಿಕ್ ಆಮ್ಲವನ್ನು ಮೈಟೊಕಾಂಡ್ರಿಯ ಏಳು ಬಾರಿ ಕತ್ತರಿಸಿ ಎಂಟು ತುಂಡು ಮಾಡುತ್ತದೆ. ಆ ಒಂದು ಅಣುವಿನಿಂದ ಸುಮಾರು 106 ಎ.ಟಿ.ಪಿ. ದೊರೆಯುತ್ತವೆ, ಒಂದು ಗ್ಲೂಕೋಸಿನಿಂದ ದೊರೆಯುವುದು 30–32 ಮಾತ್ರ. ಯಕೃತ್ತು ಇಂಥ ತುಂಡುಗಳಿಂದ ಕೀಟೋನ್‌ಗಳನ್ನು ತಯಾರಿಸಿ ಮಿದುಳಿಗೂ ಸ್ನಾಯುಗಳಿಗೂ ಕಳುಹುತ್ತದೆ. ಬಡಿಸಿದವರು ತಾವು ಉಣ್ಣದಿರುವಂತೆ, ಯಕೃತ್ತು ತಾನು ಕೀಟೋನನ್ನು ಬಳಸಲಾರದು.

ಇಲ್ಲೊಂದು ತಪ್ಪು ತಿಳಿವಳಿಕೆ ಬಳಕೆಯಲ್ಲಿದೆ: ಮೈಯ ಕೊಬ್ಬೆಲ್ಲ ಬೇಕಾದಾಗ ಸಕ್ಕರೆಯಾಗುತ್ತದೆಂಬುದು. ಹಾಗೆ ಮಾಡಬಲ್ಲದ್ದು ಎಣ್ಣೆಬೀಜ. ಹುನಗುಂದ, ಬಾಗಲಕೋಟೆಗಳ ಎರೆಹೊಲದಲ್ಲಿ ಬಿತ್ತಿದ ಕುಸುಬೆ ಎಲೆ ಬಿಡುವ ಮೊದಲೇ ಕೆಲದಿನ ತನ್ನ ಎಣ್ಣೆಯನ್ನೇ ಸಕ್ಕರೆಯಾಗಿಸಿಕೊಂಡು ಬೆಳೆಯುತ್ತದೆ. ಆ ಕಾರ್ಯ ನಡೆಯುವುದು ಗ್ಲೈಆಕ್ಸಿಸೋಮ್ ಎಂಬ ಒಂದು ಬಗೆಯ ಪೆರಾಕ್ಸಿಸೋಮಿನಲ್ಲಿ. ಅದನ್ನು 1967ರಲ್ಲಿ ಮೊಳೆತ ಔಡಲ ಬೀಜದಿಂದ ಬೇರ್ಪಡಿಸಿ ತೋರಿಸಲಾಯಿತು. ಮನುಷ್ಯನ ಪೆರಾಕ್ಸಿಸೋಮಿಗೆ ಆ ಕಿಣ್ವಗಳಿಲ್ಲ. ಕೊಬ್ಬಿನ ಗ್ಲಿಸರಾಲ್ ಭಾಗ ಮಾತ್ರ ನಮ್ಮಲ್ಲಿ ಸಕ್ಕರೆಯಾದೀತು, ಮೇದಾಮ್ಲ ಆಗದು. ಇತ್ತ ಮೈಟೊಕಾಂಡ್ರಿಯವೇ ಇಲ್ಲದ ಕೆಂಪು ರಕ್ತಕಣಕ್ಕೆ ಸಕ್ಕರೆಯ ಹೊರತು ಗತಿಯಿಲ್ಲ. ಹೀಗಾಗಿ ಉಪವಾಸದ ಮೊದಲ ದಿನಗಳಲ್ಲಿ ಸ್ನಾಯುಗಳ ಪ್ರೋಟೀನು ಕರಗಿ ಆ ಕೊರತೆಯನ್ನು ತುಂಬುತ್ತದೆ. ಮಿದುಳು ಕೀಟೋನಿಗೆ ಹೊಂದಿಕೊಂಡಂತೆ ಈ ವ್ಯಯ ಇಳಿಯುತ್ತದೆಯೇ ಹೊರತು ನಿಲ್ಲುವುದಿಲ್ಲ.

ಜೀವಕೋಶಕ್ಕೆ ವ್ರತವೆಂದೂ ತಿಳಿಯದು, ಬರಗಾಲವೆಂದೂ ತಿಳಿಯದು. 1876–78ರ ಕ್ಷಾಮದಲ್ಲಿ ಈ ಸೀಮೆಯ ಜನ ಅನ್ನವಿಲ್ಲದೆ ನವೆದಾಗಲೂ ಅವರ ಮೈಯೊಳಗೆ ನಡೆದುದು ಇದೇ ಕ್ರಿಯೆ. ಆದುದರಿಂದ ಸಂಕಲ್ಪ ದೃಢವಾಗಿದ್ದರೆ ದೇಹ ತಾನಾಗಿ ಒಗ್ಗುತ್ತದೆಂಬ ಮಾತನ್ನು ಎಲ್ಲರಿಗೂ ಅನ್ವಯಿಸಲಾಗದು. ಮೈಟೊಕಾಂಡ್ರಿಯದಲ್ಲಿ ಮೇದಾಮ್ಲ ಕತ್ತರಿಸುವ ಕಿಣ್ವವೊಂದು ಹುಟ್ಟಿನಿಂದಲೇ ಕೊರತೆಯಾದ ಮಕ್ಕಳಿದ್ದಾರೆ. ನೋಡಲು ಆರೋಗ್ಯವಂತರು, ಆದರೆ ದೀರ್ಘಕಾಲ ಹಸಿದಿದ್ದರೆ ಪ್ರಜ್ಞೆ ತಪ್ಪಿ ಪ್ರಾಣಕ್ಕೇ ಅಪಾಯ. ದಶಲಕ್ಷಣ ಪರ್ವದಲ್ಲಿ ಚಿಕ್ಕ ಮಕ್ಕಳು ಉತ್ಸಾಹದಿಂದ ಉಪವಾಸಕ್ಕೆ ಮುಂದಾದಾಗ ಹಿರಿಯರು ತಡೆಯುವುದೇ ಯುಕ್ತ. ಇನ್‌ಸುಲಿನ್ ಪಡೆಯುವ ಮಧುಮೇಹಿಯದು ಬೇರೆ ತೊಡಕು. ಆ ಔಷಧ ಸಕ್ಕರೆಯನ್ನು ಇಳಿಸುವುದಲ್ಲದೆ ಮೇದಸ್ಸಿನ ಬಿಡುಗಡೆಯನ್ನೂ ತಡೆಯುತ್ತದೆ. ಆಗ ಮಿದುಳಿಗೆ ಗ್ಲೂಕೋಸೂ ಇಲ್ಲ, ಕೀಟೋನೂ ಇಲ್ಲ. ತಾನಾಗಿ ಅದನ್ನು ನಿಲ್ಲಿಸಿದರೆ ಕೀಟೋನ್ ಮಿತಿಮೀರಿ ರಕ್ತ ಆಮ್ಲವಾಗಬಹುದು. ಮೂತ್ರದ ಮೂಲಕ ಸಕ್ಕರೆ ಹೊರಹಾಕುವ ಇತ್ತೀಚಿನ ಗುಳಿಗೆಗಳನ್ನು ಸೇವಿಸುವವರಿಗೂ ಇದೇ ಭಯವಿದೆ. ಇಂಥವರು ವೈದ್ಯರನ್ನು ಕೇಳಬೇಕಾದುದು ನಿಯಮ ಸ್ವೀಕರಿಸುವ ಮೊದಲು.

ನೀರಿನ ಮಾತೂ ಉಂಟು. 100 ಗ್ರಾಂ ಮೇದಸ್ಸು ಪೂರ್ತಿ ದಹಿಸಿದರೆ ಸುಮಾರು 107 ಗ್ರಾಂ ನೀರು ಹುಟ್ಟುತ್ತದೆ. ಬಾದಾಮಿಯ ಬಂಡೆ ಕಾಯುವ ಬೇಸಿಗೆಯಲ್ಲಿ ಬೆವರಿ ಹೋಗುವ ನೀರಿಗೆ ಇದು ಯಾವ ಲೆಕ್ಕಕ್ಕೂ ಸಾಲದು. ಮೂತ್ರಪಿಂಡದ ತೊಂದರೆಯಿದ್ದವರು ಇದನ್ನು ಮರೆಯಬಾರದು.

ಐದು ದಿನ ಮೀರಿದ ಉಪವಾಸದ ಪಾರಣೆಯಲ್ಲಿ ಇನ್ನಷ್ಟು ಎಚ್ಚರ ಬೇಕು. ಒಮ್ಮೆಲೇ ಸಿಹಿ, ಅನ್ನಗಳನ್ನು ಹೊಟ್ಟೆತುಂಬ ಉಂಡರೆ ಇನ್‌ಸುಲಿನ್ ಏರಿ, ಎ.ಟಿ.ಪಿ. ತಯಾರಿಕೆಗೆ ಬೇಕಾದ ಫಾಸ್ಫೇಟನ್ನು ಕೋಶಗಳು ರಕ್ತದಿಂದ ರಭಸದಿಂದ ಎಳೆದುಕೊಳ್ಳುತ್ತವೆ. ಪೊಟ್ಯಾಸಿಯಂ ಕೂಡ ಇಳಿದು ಹೃದಯದ ಬಡಿತ ತಪ್ಪಬಹುದು. ಮೊದಲ ದಿನ ತೆಳುವಾದ ಗಂಜಿ, ಹಾಲು, ಬೇಳೆಕಟ್ಟುಗಳನ್ನು ಸ್ವಲ್ಪ ಸ್ವಲ್ಪವಾಗಿ ಕೊಟ್ಟು, ಎರಡು ಮೂರು ದಿನಗಳಲ್ಲಿ ಮೆಲ್ಲಗೆ ಎಂದಿನ ಊಟಕ್ಕೆ ತರಬೇಕು.