ಎಕ್ಸೆಲ್: ಸಾಲುಗಳ ಮಿತಿ ಬೇರೆ, ಮೆಮೊರಿಯ ಮಿತಿ ಬೇರೆ

ಎಕ್ಸೆಲ್ ಹಾಳೆಯಲ್ಲಿ ಎಷ್ಟು ಸಾಲುಗಳಿವೆ ಎಂಬ ಪ್ರಶ್ನೆಗೆ 10,48,576, ಅಂದರೆ 2ರ 20ನೇ ಘಾತ, ಎಂದು ಬರೆದರೆ ಅಂಕ ಖಚಿತ. ಆದರೆ ದೊಡ್ಡ ಕಡತ ಬಹುಪಾಲು ಆ ಗಡಿ ಮುಟ್ಟುವ ಮೊದಲೇ ಏದುಸಿರು ಬಿಡುತ್ತದೆ, ಕಾರಣ ಮೆಮೊರಿ. ಎಕ್ಸ್‌ಎಲ್‌ಎಸ್‌ಎಕ್ಸ್ ಕಡತವೆಂದರೆ ಒತ್ತಿ ಕಟ್ಟಿದ ಜಿಪ್ ಗಂಟು. ಡಿಸ್ಕಿನಲ್ಲಿ ಚಿಕ್ಕದಾಗಿ ಕಂಡದ್ದು ತೆರೆದಾಗ ಹಲವು ಪಟ್ಟು ಉಬ್ಬುತ್ತದೆ. ಖಾಲಿ ಕೋಶಗಳಿಗೆ ಬಳಿದ ಬಣ್ಣ, ಗೆರೆಗಳೂ ಜಾಗ ತಿನ್ನುತ್ತವೆ (ಅಂದಕ್ಕೂ ಬೆಲೆಯಿದೆ).

ರ್‍ಯಾಮ್ ಹೆಚ್ಚಿಸಿದರಾಯಿತಲ್ಲ ಎಂಬ ಆಕ್ಷೇಪ ಸಹಜ. ಆದರೆ 32 ಬಿಟ್ ಎಕ್ಸೆಲ್‌ನ ವಿಳಾಸ ವ್ಯಾಪ್ತಿ ಮೂಲತಃ 2 ಜಿಬಿ, ನಂತರದ ಸುಧಾರಣೆಯಿಂದ ಗರಿಷ್ಠ 4 ಜಿಬಿ; ಯಂತ್ರದಲ್ಲಿ 16 ಜಿಬಿ ಇದ್ದರೂ ಉಳಿದದ್ದು ಅದಕ್ಕೆ ಎಟುಕದು. 64 ಬಿಟ್ ಆವೃತ್ತಿಯಲ್ಲಿ ಈ ಗೋಡೆಯಿಲ್ಲ, ನಿಜ. ಸಾಲುಗಳ ಮಿತಿ ಮಾತ್ರ ಅಲ್ಲೂ ಕದಲುವುದಿಲ್ಲ. 2020ರಲ್ಲಿ ಇಂಗ್ಲೆಂಡಿನ 15,841 ಕೋವಿಡ್ ಪ್ರಕರಣಗಳು ದೈನಂದಿನ ಲೆಕ್ಕದಿಂದ ಬಿಟ್ಟುಹೋದದ್ದು ಯಂತ್ರ ದುರ್ಬಲವಾಗಿದ್ದರಿಂದಲ್ಲ, ಹಳೆಯ ಎಕ್ಸ್‌ಎಲ್‌ಎಸ್ ಮಾದರಿಗೆ 65,536 ಸಾಲುಗಳಾಚೆ ಜಾಗವಿಲ್ಲದ್ದರಿಂದ. ದತ್ತಾಂಶ ತರುವ ಎಕ್ಸೆಲ್ ಸಾಧನವಾದ ಪವರ್ ಕ್ವೆರಿಯಲ್ಲಿ ಬೇಕಾದ ಕಾಲಂಗಳನ್ನಷ್ಟೇ ಆರಿಸಿ, ಕಡತದೊಳಗಿನ ದತ್ತಾಂಶ ಸಂಗ್ರಹವಾದ ಡೇಟಾ ಮಾಡೆಲ್‌ಗೆ ತುಂಬಿದರೆ ಎರಡೂ ತೊಡಕು ಸಡಿಲವಾಗುತ್ತವೆ: ದತ್ತಾಂಶ ಹಾಳೆಯ ಮೇಲೆ ಹರಡುವುದಿಲ್ಲ, ಮೆಮೊರಿಯಲ್ಲೂ ಸಂಕುಚಿತ ರೂಪದಲ್ಲೇ ಕೂರುತ್ತದೆ.