ಮಿದುಳೂ ಮರೆವಿನ ರೋಗವೂ



ಒಬ್ಬ ಮುದುಕಿಯು ಮುದ್ದೆಯನ್ನುಂಡು ಕೈತೊಳೆದು ಜಗಲಿಯಲ್ಲಿ ಕೂತುಕೊಳ್ಳುತ್ತಾಳೆ. ಸ್ವಲ್ಪ ಹೊತ್ತಿನೊಳಗೆ ನೆರೆಯವಳನ್ನು ಕರೆದು, “ಬೆಳಗಿನಿಂದ ನನಗೆ ಯಾರೂ ಅನ್ನ ಹಾಕಲಿಲ್ಲ” ಎಂದು ಅಳುತ್ತಾಳೆ. ಆ ಮಾತು ನಲ್ಲಿಯ ಬಳಿಗೆ ಹೋಗಿ, ಸಂಜೆಯೊಳಗೆ ಊರೆಲ್ಲಾ ಸೊಸೆಯನ್ನು ನಿಂದಿಸುತ್ತದೆ. ಸೊಸೆಯಾದರೋ ಅತ್ತೆಯು ಸುಳ್ಳಾಡಿದಳೆಂದು ಕೋಪಗೊಳ್ಳುತ್ತಾಳೆ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಸೀಮೆಗಳಲ್ಲಿ ಇಂಥ ಸಂಗತಿ ಹೊಸದಲ್ಲ. ಇಲ್ಲಿ ಸುಳ್ಳಾಡಿದವರು ಯಾರು? ಯಾರೂ ಅಲ್ಲ. ಸೊಸೆಯು ಅನ್ನವಿಕ್ಕಿದ್ದು ನಿಜ; ಅತ್ತೆಯ ಮಿದುಳು ಆ ಊಟವನ್ನು ಗುರುತಿಟ್ಟುಕೊಳ್ಳಲಿಲ್ಲವೆಂಬದೂ ನಿಜ. ಇದು ಹೇಗಾಗುತ್ತದೆಂದು ಕ್ರಮವಾಗಿ ವಿಚಾರಿಸೋಣ.

1. ಮಿದುಳಿನ ರಚನೆ

ತಲೆಬುರುಡೆಯೊಳಗೆ ಮೂರು ಪೊರೆಗಳಿಂದ ಸುತ್ತಲ್ಪಟ್ಟಿರುವ ಮಿದುಳು ಸುಮಾರು 1,300ರಿಂದ 1,400 ಗ್ರಾಂ ತೂಗುತ್ತದೆ. ಅದರಲ್ಲಿ ಸುಮಾರು 8,600 ಕೋಟಿ ನರಕೋಶಗಳುಂಟು. ಅದಕ್ಕೆ ಮುಖ್ಯವಾಗಿ ಮೂರು ಭಾಗಗಳು. ಮೇಲಿನ ಹೆಮ್ಮಿದುಳು ಯೋಚನೆ, ಮಾತು, ನೋಟ, ಕೈಕಾಲುಗಳ ಚಲನೆ ಇವುಗಳಿಗೆ ಆಧಾರ. ಅದರ ಎಡಭಾಗವು ದೇಹದ ಬಲಪಕ್ಕವನ್ನೂ ಬಲಭಾಗವು ಎಡಪಕ್ಕವನ್ನೂ ನಡಿಸುತ್ತದೆ. ಹಿಂದಲೆಯಲ್ಲಿರುವ ಕಿರುಮಿದುಳು ನಮ್ಮ ತೂಕವನ್ನು ಸರಿಹಿಡಿಯುವದರಿಂದಲೇ ತುಂಬಿದ ಕೊಡವನ್ನು ಹೊತ್ತು ಬದುವಿನ ಮೇಲೆ ನಡೆಯಲಾಗುತ್ತದೆ. ಕೆಳಗಿರುವ ಮಿದುಳಿನ ಕಾಂಡವು ನಾವು ಮಲಗಿರುವಾಗಲೂ ಉಸಿರನ್ನು ನಡಿಸುತ್ತಿರುತ್ತದೆ.

ಇವಲ್ಲದೆ, ಹೆಮ್ಮಿದುಳಿನ ಎರಡು ಪಕ್ಕಗಳಲ್ಲಿಯೂ ಕಡಲಕುದುರೆಯ ಆಕಾರದ ಒಂದು ಚಿಕ್ಕ ಭಾಗವುಂಟು. ದಿನದಿನದ ಹೊಸ ಸಂಗತಿಗಳು ನೆನಪಾಗಿ ನಿಲ್ಲಬೇಕಾದರೆ ಅದು ಸರಿಯಾಗಿರಬೇಕು. ಅದು ಕೆಟ್ಟರೆ, ಬಾಲ್ಯದಲ್ಲಿ ಕಲಿತ ಹಾಡು ನೆನಪಿದ್ದರೂ ಬೆಳಗಿನ ಊಟ ನೆನಪಿರದು. ನಮ್ಮ ಮುದುಕಿಯ ಕಷ್ಟವು ಇದೇ.

2. ಮಿದುಳಿನ ಆಹಾರ

ದೇಹದ ತೂಕದಲ್ಲಿ ಮಿದುಳು ನೂರರಲ್ಲಿ ಎರಡು ಪಾಲು ಮಾತ್ರ. ಆದರೂ ನಾವು ಸೇವಿಸುವ ಪ್ರಾಣವಾಯುವಿನಲ್ಲಿ ಸುಮಾರು ಇಪ್ಪತ್ತು ಪಾಲನ್ನು ಅದೇ ತೆಗೆದುಕೊಳ್ಳುತ್ತದೆ. ಕೆರೆಯ ತೂಬಿನಿಂದ ಹೊರಟ ಕಾಲುವೆಯು ಹೂಳಿನಿಂದ ಮುಚ್ಚಿದರೆ ಕೊನೆಯ ಗದ್ದೆ ಒಣಗುವಂತೆ, ರಕ್ತನಾಳವು ಕಟ್ಟಿಕೊಂಡರೆ ಮಿದುಳಿನ ಆ ಭಾಗವು ಕೆಲವೇ ನಿಮಿಷಗಳಲ್ಲಿ ಸಾಯತೊಡಗುತ್ತದೆ. ಇದೇ ಪಾರ್ಶ್ವವಾಯು. ಬಾಯಿ ಸೊಟ್ಟಗಾಗುವದು, ಒಂದು ಕೈ ಬೀಳುವದು, ಮಾತು ತೊದಲುವದು ಇದರ ಗುರುತುಗಳು. ಕಟ್ಟಿದ ರಕ್ತವನ್ನು ಕರಗಿಸುವ ಔಷಧವನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಆದದರಿಂದ ಎಣ್ಣೆ ತಿಕ್ಕುತ್ತಾ ಹೊತ್ತು ಕಳೆಯಕೂಡದು. ಕೂಡಲೆ ದೊಡ್ಡ ಆಸ್ಪತ್ರೆಗೆ ಒಯ್ಯತಕ್ಕದ್ದು.

3. ಮರೆವಿನ ರೋಗ

“ಅರವತ್ತಕ್ಕೆ ಅರಳು ಮರಳು” ಎಂಬ ಗಾದೆ ನಮಗೆಲ್ಲರಿಗೂ ಗೊತ್ತು. ಅದು ನಿಜವೋ? 2023ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ, ಭಾರತದಲ್ಲಿ 60 ವರುಷ ತುಂಬಿದವರೊಳಗೆ ಈ ರೋಗವುಳ್ಳವರು ಶೇಕಡಾ 7.4 ಮಾತ್ರ. ಅಂದರೆ ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಹಿರಿಯರಿಗೆ ಅರಳು ಮರಳು ಇಲ್ಲ. ಹಾಗಾದರೆ ಇದು ಮುಪ್ಪಿನ ಧರ್ಮವಲ್ಲ, ಮಿದುಳಿನ ರೋಗ.

ಕುಡುಗೋಲನ್ನು ಎಲ್ಲಿಟ್ಟೆನೆಂದು ಮರೆಯುವದು ಸಾಮಾನ್ಯ ಮರೆವು. ಕುಡುಗೋಲು ಯಾತಕ್ಕೆಂದು ತಿಳಿಯದೆ ಹೋಗುವದೂ, ಹುಟ್ಟಿದ ಊರಿನಲ್ಲೇ ದಾರಿ ತಪ್ಪುವದೂ ರೋಗದ ಗುರುತು. ಈ ರೋಗದಲ್ಲಿ ಹಲವು ವಿಧಗಳುಂಟು. 1906ರಲ್ಲಿ ಜರ್ಮನಿಯ ವೈದ್ಯನಾದ ಅಲ್ಜೈಮರನು ವಿವರಿಸಿದ ವಿಧವು ಎಲ್ಲಕ್ಕಿಂತ ಹೆಚ್ಚಾಗಿ ಕಾಣುತ್ತದೆ. ಅದರಲ್ಲಿ ಕೆಟ್ಟ ಸಸಾರಜನಕವು ಮಿದುಳಿನಲ್ಲಿ ಶೇಖರವಾಗಿ ನರಕೋಶಗಳು ಸಾಯುತ್ತವೆ. ಮೇಲೆ ಹೇಳಿದ ಕಡಲಕುದುರೆಯಂಥ ಭಾಗಕ್ಕೆ ಮೊದಮೊದಲೇ ಕೇಡಾಗುತ್ತದೆ. ಇನ್ನೊಂದು ವಿಧವು ರಕ್ತನಾಳಗಳು ಕೆಡುವದರಿಂದ ಬರುತ್ತದೆ. ಇದು ಶಾಪವಲ್ಲ, ದೆವ್ವದ ಚೇಷ್ಟೆಯಲ್ಲ, ಅಂಟುರೋಗವೂ ಅಲ್ಲ. ಥೈರಾಯಿಡ್ ದೋಷ, ಬಿ-12 ಜೀವಸತ್ವದ ಕೊರತೆ, ಮನಸ್ಸಿನ ಕುಗ್ಗು ಇವುಗಳಿಂದಲೂ ಮರೆವು ಬರುವದುಂಟು. ಇವು ಚಿಕಿತ್ಸೆಯಿಂದ ಸುಧಾರಿಸಬಹುದು. ಆದದರಿಂದಲೇ ವೈದ್ಯರಿಗೆ ತೋರಿಸದೆ “ವಯಸ್ಸಾಯಿತು” ಎಂದು ಸುಮ್ಮನಿರಬಾರದು.

4. ಶ್ರೀನಿವಾಸಪುರದ ಅಧ್ಯಯನ

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರದವರು 2018ರಲ್ಲಿ ನಮ್ಮ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ ಒಂದು ದೊಡ್ಡ ಅಧ್ಯಯನವನ್ನು ಆರಂಭಿಸಿದರು. 45 ವರುಷ ದಾಟಿದ ಸುಮಾರು 10,000 ಮಂದಿಯನ್ನು ಸೇರಿಸಿಕೊಂಡು, ಅವರ ನೆನಪಿನ ಶಕ್ತಿ, ರಕ್ತ, ಮಿದುಳಿನ ಚಿತ್ರ ಇವುಗಳನ್ನು ವರುಷಗಟ್ಟಲೆ ಮತ್ತೆ ಮತ್ತೆ ಪರೀಕ್ಷಿಸುವದು ಅವರ ಉದ್ದೇಶ. ರೋಗ ಬಂದ ಮೇಲೆ ನೋಡುವದಲ್ಲ. ಯಾರಿಗೆ ಬರುತ್ತದೆ, ಯಾರಿಗೆ ಬಾರದು, ಯಾಕೆ ಎಂಬದನ್ನು ಮೊದಲಿನಿಂದಲೇ ತಿಳಿಯುವದು. ಇಂಥ ಅಧ್ಯಯನಗಳು ಹೆಚ್ಚಾಗಿ ಪಾಶ್ಚಾತ್ಯ ದೇಶಗಳಲ್ಲಿ ನಡೆದವು. ರಾಗಿಯುಣ್ಣುವ, ಹೊಲದಲ್ಲಿ ದುಡಿಯುವ ನಮ್ಮವರ ಮಿದುಳಿನ ಸಂಗತಿಯನ್ನು ಅವುಗಳಿಂದ ಪೂರ್ಣವಾಗಿ ತಿಳಿಯಲಾಗದು. ಮಾವಿಗೆ ಹೆಸರಾದ ತಾಲ್ಲೂಕಿನ ರೈತರು ತಮ್ಮ ದಿನಗಳನ್ನೂ ರಕ್ತವನ್ನೂ ಕೊಟ್ಟು ಮುಂದಿನ ತಲೆಮಾರಿಗೆ ಉಪಕಾರ ಮಾಡುತ್ತಿದ್ದಾರೆ.

5. ನಾವು ಮಾಡತಕ್ಕದ್ದು

ರಕ್ತದೊತ್ತಡವನ್ನೂ ಸಕ್ಕರೆಯನ್ನೂ ಆಗಾಗ್ಗೆ ಪರೀಕ್ಷಿಸಿಕೊಳ್ಳಿರಿ. ಬೀಡಿಯನ್ನೂ ಸಾರಾಯಿಯನ್ನೂ ಬಿಡಿರಿ. ಕಿವಿ ಮಂದವಾದರೆ ಅಲಕ್ಷ್ಯ ಮಾಡಬೇಡಿರಿ, ಯಾಕಂದರೆ ಮಾತು ಕೇಳದವರ ಮಿದುಳು ಬೇಗ ಸೊರಗುತ್ತದೆ. ಮಕ್ಕಳನ್ನು ಶಾಲೆ ಬಿಡಿಸಬೇಡಿರಿ. ಓದು ಮುಪ್ಪಿನಲ್ಲಿಯೂ ಮಿದುಳನ್ನು ಕಾಯುತ್ತದೆ. ಇಂಥ 14 ಕಾರಣಗಳನ್ನು ನಿವಾರಿಸಿದರೆ ಲೋಕದಲ್ಲಿ ಈ ರೋಗದ ಶೇಕಡಾ 45ರಷ್ಟನ್ನು ತಡೆಯಬಹುದು ಅಥವಾ ಮುಂದೂಡಬಹುದೆಂದು 2024ರಲ್ಲಿ ತಜ್ಞರ ಸಮಿತಿಯೊಂದು ತಿಳಿಸಿತು.

ರೋಗ ಬಂದ ಮನೆಯಲ್ಲಿ ವಾದ ಬೇಡ. “ಈಗ ತಾನೆ ಉಂಡಿಯಲ್ಲಾ” ಎಂದು ಗದರಿಸಿದರೆ ಆ ಮುದುಕಿಗೆ ನೆನಪು ಬಾರದು. ಅವಮಾನ ಮಾತ್ರ ಉಳಿಯುತ್ತದೆ. ಒಂದು ಲೋಟ ಮಜ್ಜಿಗೆ ಕೊಟ್ಟು ಹತ್ತಿರ ಕೂತರೆ ಸಮಾಧಾನವಾಗುತ್ತದೆ. ನೆರೆಯವರಾದ ನಾವೋ, ಆಕೆಯ ದೂರನ್ನು ಬೀದಿಗೆ ಒಯ್ಯುವ ಮೊದಲು ಸೊಸೆಯ ಬಾಗಿಲಿಗೆ ಹೋಗಿ, “ನಿನಗೆ ಒಂದು ಗಂಟೆ ಬಿಡುವು ಬೇಕೋ?” ಎಂದು ಕೇಳೋಣ.

ಪ್ರಶ್ನೆಗಳು

1. ಮಿದುಳಿನ ಮೂರು ಮುಖ್ಯ ಭಾಗಗಳಾವವು? ಅವುಗಳ ಕೆಲಸವೇನು?
2. ಹಳೆಯದು ನೆನಪಿದ್ದು ಹೊಸದು ಮರೆತುಹೋಗುವದು ಯಾಕೆ?
3. ಸಾಮಾನ್ಯ ಮರೆವಿಗೂ ಮರೆವಿನ ರೋಗಕ್ಕೂ ಭೇದವೇನು?
4. ನಿಮ್ಮ ಊರಿನಲ್ಲಿ ಇಂಥ ಹಿರಿಯರಿರುವ ಮನೆ ಯಾವದು? ಆ ಮನೆಯವರಿಗೆ ಈ ವಾರ ನೀವೇನು ಮಾಡುವಿರಿ?