ದೋಣಿಯಲ್ಲೇ ತಿಳಿಯುವ ದರ

ಪ್ರಶ್ನೆ: ಮೊಬೈಲು, ಮೈಮೇಲೆ ಧರಿಸುವ ಕಂಪ್ಯೂಟರು ಬಡವರ ಗಳಿಕೆ ಹೆಚ್ಚಿಸುತ್ತವೆ ಎನ್ನುತ್ತಾರೆ. ನಮ್ಮೂರಿನಂಥ ಕಡೆ ಮೀನು ಹಿಡಿಯುವವರಿಗೂ ಅದು ನಿಜವೇ?
– ಓದುಗರೊಬ್ಬರು, ಕಾಗಾಲ

ಉತ್ತರ: ನಿಜ. ಅದಕ್ಕೆ ಸಾಕ್ಷಿ ನಿಮ್ಮದೇ ಕಡಲಿನ ದಕ್ಷಿಣಕ್ಕಿದೆ. 1997ರ ಜನವರಿ 14ರಂದು ಕೇರಳದ ವಡಗರ ತೀರದಲ್ಲಿ 11 ಮೀನುಗಾರರು ಹಿಡಿದ ಮೀನನ್ನು ಗಿರಾಕಿಯಿಲ್ಲದೆ ಚೆಲ್ಲಿದರು. ಅದೇ ದಿನ 15 ಕಿ.ಮೀ. ಒಳಗಿನ ಪೇಟೆಗಳಲ್ಲಿ ಕೊಳ್ಳಲು ಸಿದ್ಧರಿದ್ದ 27 ಮಂದಿಗೆ ಮೀನು ಸಿಗಲಿಲ್ಲ. ಒಬ್ಬರ ಸುದ್ದಿ ಒಬ್ಬರಿಗೆ ತಿಳಿಯಲಿಲ್ಲ, ಅಷ್ಟೇ.

ಆ ಕರಾವಳಿಗೆ ಮೊಬೈಲ್ ಒಮ್ಮೆಗೇ ಬರಲಿಲ್ಲ. ಕೋಝಿಕ್ಕೋಡಿಗೆ 1997ರಲ್ಲಿ, ಕಣ್ಣೂರಿಗೆ 1998ರಲ್ಲಿ, ಕಾಸರಗೋಡಿಗೆ 2000ದಲ್ಲಿ ಬಂತು. ಅರ್ಥಶಾಸ್ತ್ರಜ್ಞ ರಾಬರ್ಟ್ ಜೆನ್ಸನ್ ಈ ಹಿಂದುಮುಂದನ್ನೇ ಅಳತೆಗೋಲು ಮಾಡಿಕೊಂಡರು. ಟವರುಗಳು ದಡದ ಹತ್ತಿರವೇ ಇದ್ದುದರಿಂದ ಸಿಗ್ನಲ್ ಕಡಲೊಳಕ್ಕೆ 20–25 ಕಿ.ಮೀ. ಹೋಗುತ್ತಿತ್ತು. ತಾರ್ಲೆ ಮೀನು ತುಂಬಿದ ದೋಣಿ ಯಾವ ದಡಕ್ಕೆ ಹೋಗಬೇಕೆಂದು ನೀರಿನ ಮೇಲೆಯೇ ತೀರ್ಮಾನವಾಗತೊಡಗಿತು. ಮೀನುಗಾರರ ಲಾಭ ಸರಾಸರಿ ಶೇ. 8 ಏರಿತು, ಕೊಳ್ಳುವವರಿಗೆ ಬೆಲೆ ಶೇ. 4 ಇಳಿಯಿತು. ಚೆಲ್ಲುವುದು ಹೆಚ್ಚುಕಡಿಮೆ ನಿಂತೇಹೋಯಿತು. 2007ರಲ್ಲಿ ಈ ಅಧ್ಯಯನ ಪ್ರಕಟವಾಯಿತು.

ಇಲ್ಲಿ ಗೆದ್ದದ್ದು ಯಂತ್ರದ ಜಾಣತನಕ್ಕಿಂತ ಅದು ಇದ್ದ ಜಾಗ. ದಡದ ಮನೆಯಲ್ಲಿದ್ದ ಫೋನು ಈ ಕೆಲಸ ಮಾಡಲಾರದು. ಅಂಗಿಯ ಜೇಬಿನಲ್ಲಿದ್ದದ್ದು ಮಾಡಿತು. ಸಿಗ್ನಲ್ ಮುಗಿದಲ್ಲಿ ಮಾತ್ರ ಅದೂ ಮೂಕ. 2017ರ ಓಖಿ ಚಂಡಮಾರುತದ ಎಚ್ಚರಿಕೆ ಆಳಸಮುದ್ರದಲ್ಲಿದ್ದ ಎಷ್ಟೋ ದೋಣಿಗಳಿಗೆ ಮುಟ್ಟಲಿಲ್ಲ. ಉಪಗ್ರಹದಿಂದ ಸಂದೇಶ ಹಿಡಿದು ಬ್ಲೂಟೂತ್ ಮೂಲಕ ಮೊಬೈಲಿಗೆ ದಾಟಿಸುವ ‘ಜೆಮಿನಿ’ ಸಾಧನ 2019ರಲ್ಲಿ ಬಂದದ್ದು ಆ ನೋವಿನ ನಂತರ. ಅದರಲ್ಲಿ ಕೇಳಿಸಿಕೊಳ್ಳಬಹುದು, ಮರಳಿ ಕೂಗಿ ಹೇಳಲಾಗದು. ಇದು ನನಗೆ ದೊಡ್ಡ ಕೊರತೆಯಾಗಿ ಕಾಣುತ್ತದೆ.

ಇನ್ನೊಂದು ತೊಡಕು ಸಾಲದ್ದು. ವ್ಯಾಪಾರಿಯಿಂದ ಮುಂಗಡ ಪಡೆದು ಅವನಿಗೇ ಮೀನು ಕೊಡಬೇಕಾದವನಿಗೆ ಪಕ್ಕದ ಬಂದರಿನ ದರ ತಿಳಿದರೂ ಕೈಕಟ್ಟಿದಂತೆಯೇ. ಮೊಬೈಲ್ ಕೊಡುವ ಯೋಜನೆಗಳು ಸಾಲದ ಮಾತು ಎತ್ತದಿದ್ದರೆ ಅರ್ಧ ಕೆಲಸವೇ.

ಧರಿಸುವ ಸಾಧನದ ಮಾತು ಬಂದಾಗ ನನಗೆ ನೆನಪಾಗುವವರು ಅಘನಾಶಿನಿಯ ಅಳಿವೆಯಲ್ಲಿ ಇಳಿತದ ಹೊತ್ತು ನೋಡಿ ಚಿಪ್ಪಿಕಲ್ಲು ಆಯುವ ಹೆಂಗಸರು. ನೀರು ದಿನಕ್ಕೆ ಸುಮಾರು 50 ನಿಮಿಷ ತಡವಾಗಿ ಇಳಿಯುವುದನ್ನು ತಿಥಿ ಎಣಿಸಿಯೇ ಬಲ್ಲವರಿಗೆ ಅದನ್ನು ಹೇಳುವ ಗಡಿಯಾರ ಬೇಕಿಲ್ಲ. ಕೈತುಂಬ ಕೆಸರು, ಪರದೆ ಮುಟ್ಟುವಂತಿಲ್ಲ. ಕೊರಳಿಗೆ ಕಟ್ಟಿಕೊಳ್ಳುವ, ನೀರು ಹೊಗದ, ಒಂದೇ ಗುಂಡಿ ಒತ್ತಿದರೆ ಇವತ್ತಿನ ದರವನ್ನು ಕನ್ನಡದಲ್ಲಿ ಹೇಳುವ ಸಾಧನವನ್ನು ಯಾರಾದರೂ ಮಾಡುವುದಾದರೆ, ಮೊದಲು ಈ ಹೆಂಗಸರೊಡನೆ ಒಂದು ಇಳಿತವಿಡೀ ನೀರಿನಲ್ಲಿ ನಿಲ್ಲಲಿ.